ಚೌಕಿಯ ಸೀರೆ, ಮನೆಯ ಸೀರೆ

ಪ್ರಶ್ನೆ: ಹವ್ಯಾಸಿ ಯಕ್ಷಗಾನ ತಂಡದಲ್ಲಿ ಹದಿನೈದು ವರ್ಷದಿಂದ ಸ್ತ್ರೀವೇಷ ಮಾಡುತ್ತಿದ್ದೇನೆ. ನನ್ನ ದಮಯಂತಿ ನೋಡಿ ಹೆಂಡತಿಯೇ ಅತ್ತದ್ದುಂಟು. ಮನೆಯಲ್ಲಿ ಯಾರೂ ಇಲ್ಲದಾಗಲೂ ಸೀರೆ ಉಡುತ್ತೇನೆ, ಮನಸ್ಸು ಹಗುರಾಗುತ್ತದೆ. ಕಳೆದ ತಿಂಗಳು ಅವಳು ನೋಡಿದಳು. "ನಿಮಗೆ ಎಂತ ಆಗಿದೆ?" ಎಂದು ಕೇಳಿದವಳು ಆಮೇಲೆ ಸರಿಯಾಗಿ ಮಾತಾಡುತ್ತಿಲ್ಲ. ಇದು ಕಾಯಿಲೆಯಾ? ಕಾನೂನಿಗೆ ವಿರುದ್ಧವಾ? ಹೊರದೇಶದಲ್ಲಿ ಇದಕ್ಕೆಲ್ಲ ತೊಂದರೆ ಇಲ್ಲವಂತೆ, ಹೌದಾ?
— ಸುರತ್ಕಲ್‌ನ ಓದುಗ

ಉತ್ತರ: ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ರೋಗಪಟ್ಟಿಯಲ್ಲಿ ಇದಕ್ಕೊಂದು ಹೆಸರಿತ್ತು. 2022ರ ಜನವರಿಯಿಂದ ಜಾರಿಯಲ್ಲಿರುವ 11ನೇ ಆವೃತ್ತಿ ಅದನ್ನು ಕೈಬಿಟ್ಟಿದೆ. ಯಾರಾದರೂ "ಬಿಡಿಸುತ್ತೇನೆ" ಎಂದು ಹಣ ಕೇಳಿದರೆ ಹೋಗಬೇಡಿ.

ಅಪರಾಧವೂ ಅಲ್ಲ. ಗಂಡಸು ಸೀರೆ ಉಡಬಾರದೆಂಬ ಕಾನೂನು ಭಾರತದಲ್ಲಿ ಇಲ್ಲ. ಒಂದು ಕಾಲದಲ್ಲಿ ಬ್ರಿಟಿಷರು ತಂದದ್ದಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೇ ಭಾಗದ ಪ್ರಕಾರ, ಸರ್ಕಾರ 'ನಪುಂಸಕ' ಎಂದು ದಾಖಲೆ ಪುಸ್ತಕಕ್ಕೆ ಸೇರಿಸಿದವರು ಹೆಣ್ಣಿನ ಉಡುಪಲ್ಲಿ ಬೀದಿಗೆ ಬಂದರೆ ಎರಡು ವರ್ಷದವರೆಗೆ ಜೈಲು. ಆ ಕಾಯ್ದೆ ಹೋಗಿ ಎಪ್ಪತ್ತು ವರ್ಷ ದಾಟಿತು. ಲಿಂಗಾಂತರಿಗಳ ಹಕ್ಕಿನ ಕುರಿತ 2014ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಉಡುಪಿನ ಮೂಲಕ ತಮ್ಮ ಲಿಂಗಭಾವವನ್ನು ತೋರಿಸಿಕೊಳ್ಳುವುದನ್ನು ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಸೇರಿಸಿತು. ನೀವು ಗಂಡಸಾಗಿಯೇ ಇದ್ದು ಆಗೊಮ್ಮೆ ಈಗೊಮ್ಮೆ ಸೀರೆ ಉಡುವವರಾದರೆ ಲಿಂಗಾಂತರಿ ಎಂಬ ಪ್ರಮಾಣಪತ್ರವೂ ಬೇಡ.

ಇನ್ನು ಹೊರದೇಶದ ಮಾತು. ದೇಶದ ಹೆಸರು ನೋಡಿ ಅಳೆದರೆ ಲೆಕ್ಕ ತಪ್ಪುತ್ತದೆ. ಜನ ನೋಡುವುದು ನೆಪವನ್ನು. ಕೊಲ್ಲಂ ಜಿಲ್ಲೆಯ ಕೊಟ್ಟನ್‌ಕುಳಂಗರ ದೇವಸ್ಥಾನದಲ್ಲಿ ಮೀನ ಮಾಸದ ಎರಡು ರಾತ್ರಿ ಸಾವಿರಾರು ಗಂಡಸರು ಸೀರೆ ಉಟ್ಟು, ಹೂ ಮುಡಿದು ದೀಪ ಹಿಡಿಯುತ್ತಾರೆ. ಮನೆಯ ಹೆಂಗಸರೇ ನೆರಿಗೆ ಸರಿಮಾಡಿ ಕಳಿಸುತ್ತಾರೆ. ತಮಿಳುನಾಡಿನ ಕುಲಶೇಖರಪಟ್ಟಿಣದ ದಸರಾದಲ್ಲೂ ಹರಕೆ ಹೊತ್ತವರು ಹೆಣ್ಣುವೇಷ ಹಾಕುತ್ತಾರೆ. ಜಪಾನಿನ ಕಬುಕಿಯಲ್ಲಿ 1629ರಲ್ಲಿ ಹೆಂಗಸರನ್ನು ರಂಗದಿಂದ ಹೊರಗಿಟ್ಟ ಮೇಲೆ ಗಂಡಸರ ಸ್ತ್ರೀಪಾತ್ರವೇ ದೊಡ್ಡ ಪರಂಪರೆಯಾಯಿತು. ನಮ್ಮಲ್ಲಿ ದೂರ ಹೋಗಬೇಕಾಗಿಲ್ಲ. ಜುಮಾದಿ ಭೂತಕ್ಕೆ ಮೀಸೆಯೂ ಉಂಟು, ಮೊಲೆಯೂ ಉಂಟು, ನಾವು ಕೈಮುಗಿಯುತ್ತೇವೆ. ಯಕ್ಷಗಾನದಲ್ಲಿ ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ ನೋಡಲು ಜನ ಬೆಳಗಿನವರೆಗೆ ಕೂರುತ್ತಿದ್ದರು. ದೇವರು, ಹರಕೆ, ಕಲೆ, ಹಬ್ಬ, ಇಷ್ಟರಲ್ಲಿ ಒಂದು ನೆಪವಿದ್ದರೆ ಸೀರೆಗೆ ಮರ್ಯಾದೆ. ಅದೇ ಸೀರೆಯಲ್ಲಿ ಮಂಗಳೂರಿನ ಹಂಪನಕಟ್ಟೆಯ ಬಸ್ ಹತ್ತಿ ನೋಡಿ!

ಪಶ್ಚಿಮದವರು ಮೊದಲಿಂದ ಉದಾರಿಗಳು ಎನ್ನುವುದೂ ಸುಳ್ಳು. ಸ್ಯಾನ್‌ಫ್ರಾನ್ಸಿಸ್ಕೊ ನಗರ ಬೇರೆ ಲಿಂಗದವರ ಉಡುಪು ಹಾಕುವುದರ ಮೇಲೆ 1863ರಲ್ಲಿ ತಂದ ನಿಷೇಧ 1974ರವರೆಗೆ ಇತ್ತು. ಪ್ಯಾರಿಸ್‌ನಲ್ಲಿ ಹೆಂಗಸರು ಪ್ಯಾಂಟು ಹಾಕಲು ಪೊಲೀಸರ ಪರವಾನಗಿ ಬೇಕೆಂಬ 1800ರ ಆದೇಶ, ಯಾರೂ ಪಾಲಿಸದೆ ಮೂಲೆಗೆ ಬಿದ್ದದ್ದು, ಅಧಿಕೃತವಾಗಿ ಸತ್ತದ್ದು 2013ರಲ್ಲಿ. ಇವತ್ತು ಹುಡುಗಿ ಅಣ್ಣನ ಶರ್ಟು ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ. ಹೆಣ್ಣು ಗಂಡಿನ ಬಟ್ಟೆ ಹಾಕಿದರೆ ಮೇಲೇರಿದಂತೆ, ಗಂಡು ಹೆಣ್ಣಿನದು ಹಾಕಿದರೆ ಕೆಳಗಿಳಿದಂತೆ ಎಂಬ ಎಣಿಕೆ ಹೆಚ್ಚಿನ ಕಡೆ ಉಳಿದಿದೆ.

ನಿಮ್ಮ ಮನೆಯವರಿಗೂ ಆದದ್ದು ಇಷ್ಟೇ. ರಂಗಸ್ಥಳದ ಸೀರೆಗೆ ನೆಪವಿತ್ತು, ಕೋಣೆಯ ಸೀರೆಗೆ ಸಿಗಲಿಲ್ಲ. ಹಾಗಾಗಿ ಅವರೇ ಕಾರಣ ಹುಡುಕುತ್ತಿರುತ್ತಾರೆ, ಸಿಗುವುದೆಲ್ಲ ಹೆದರಿಕೆಯವೇ: ಇವರಿಗೆ ಹೆಣ್ಣಾಗಬೇಕಾ? ಗಂಡಸರ ಮೇಲೆ ಮನಸ್ಸಾ? ಅತ್ತೆಗೆ, ಮಕ್ಕಳಿಗೆ ಗೊತ್ತಾದರೆ? ಕೇಳಲಿ ಎಂದು ಕಾಯಬೇಡಿ, ಈ ಮೂರಕ್ಕೂ ನೀವಾಗಿ ಉತ್ತರ ಹೇಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ಸುಳ್ಳು ಆಶ್ವಾಸನೆ ಆರು ತಿಂಗಳಲ್ಲಿ ಬಯಲಾದರೆ ಸೀರೆಗಿಂತ ಅದೇ ದೊಡ್ಡ ಪೆಟ್ಟು. ಆಮೇಲೆ ಎಲ್ಲಿ, ಯಾವಾಗ, ಮಕ್ಕಳಿರುವಾಗ ಏನು ಎಂದು ಇಬ್ಬರೂ ಕೂತು ನಿಶ್ಚಯಿಸಿ. ನೋಡಲೇಬೇಕು, ಮೆಚ್ಚಲೇಬೇಕು ಎಂದು ಹಟ ಹಿಡಿಯಬೇಡಿ. ಮತ್ತೆ, ಅವರ ಕಪಾಟಿಗೆ ಕೈ ಹಾಕಬೇಡಿ. ಅವರ ರವಿಕೆ ನಿಮ್ಮ ಭುಜಕ್ಕೆ ಹಿಡಿಯುವುದಿಲ್ಲ, ತೋಳಿನ ಹೊಲಿಗೆ ಬಿಡುತ್ತದೆ, ಜಗಳ ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ. ನಿಮ್ಮ ಅಳತೆಯದ್ದು ನೀವೇ ಹೊಲಿಸಿ, ಬೇರೆ ಪೆಟ್ಟಿಗೆಯಲ್ಲಿಡಿ. ಮಾತು ಮುಂದೆ ಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲಿ ಮಾತಾಡಬಹುದು, ನಿಮ್ಮ ಮನೆಯವರೂ ಕರೆ ಮಾಡಬಹುದು.

ಪ್ರಶ್ನೆ: ಮಸ್ಕತ್‌ನಲ್ಲಿ ಕೆಲಸ ಸಿಕ್ಕಿದೆ. ಸೀರೆ ಉಡುವ ಅಭ್ಯಾಸ ನನಗೂ ಇದೆ. ಅಲ್ಲಿ ಏನು ಜಾಗ್ರತೆ ಬೇಕು? ರಜೆಗೆ ಬ್ಯಾಂಕಾಕ್‌ಗೆ ಹೋದರೆ?
— ಕುಂದಾಪುರದ ಓದುಗ

ಉತ್ತರ: ಒಮಾನ್‌ನಲ್ಲಿ ಬೇಡವೇ ಬೇಡ. ಅಲ್ಲಿನ 2018ರ ದಂಡಸಂಹಿತೆಯ 266ನೇ ವಿಧಿ, ಹೆಣ್ಣುಡುಪಿನಲ್ಲಿ ಕಾಣಿಸಿಕೊಂಡ ಗಂಡಸಿಗೆ ಒಂದು ತಿಂಗಳಿಂದ ಒಂದು ವರ್ಷ ಜೈಲು, 100ರಿಂದ 300 ರಿಯಾಲ್ ದಂಡ ಅಥವಾ ಎರಡನ್ನೂ ಹೇಳುತ್ತದೆ. ಕೆಲಸವೂ ವೀಸಾವೂ ಕೈತಪ್ಪಬಹುದು. ನಾಲ್ಕು ಜನರ ರೂಮಿನಲ್ಲಿ ಗುಟ್ಟು ನಿಲ್ಲುವುದಿಲ್ಲ. ಹಳೆಯ ಫೋಟೋಗಳನ್ನು ಫೋನಿನಿಂದ, ಅದರ ಕ್ಲೌಡ್ ಖಾತೆಯಿಂದ, ವಾಟ್ಸ್ಯಾಪ್ ಬ್ಯಾಕಪ್‌ನಿಂದ ತೆಗೆದೇ ವಿಮಾನ ಹತ್ತಿ. ಗ್ಯಾಲರಿ ಮಾತ್ರ ಖಾಲಿ ಮಾಡಿದರೆ ಸಾಲದು. ಊರಿನ ಸಂಘದವರು ಯಕ್ಷಗಾನದ ಆಟ ಆಡಿಸಿ ನಿಮ್ಮದು ಸ್ತ್ರೀವೇಷವಾದರೆ, ಸಂಘಟಕರಲ್ಲಿ ಅನುಮತಿ ಪತ್ರ ಇದೆಯೇ ಕೇಳಿ. ಚೌಕಿಯಲ್ಲೇ ವೇಷ ಕಟ್ಟಿ, ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆದ ಮೇಲೆಯೇ ಹೊರಗೆ ಬನ್ನಿ. ಪಾರ್ಕಿಂಗ್‌ನಲ್ಲಿ ಸೆಲ್ಫಿ ಬೇಡ.

ಗಲ್ಫ್ ಎಲ್ಲ ಒಂದೇ ಅಲ್ಲ. ಕುವೈತ್‌ನಲ್ಲಿ 2007ರಲ್ಲಿ ಬಂದ ಇಂಥದೇ ಕಲಮನ್ನು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ರದ್ದುಮಾಡಿತು. ಹಾಗೆಂದು ಬೀದಿಯ ಕಣ್ಣು ಬದಲಾಗಿದೆ ಎಂದುಕೊಳ್ಳಬೇಡಿ. ಮಲೇಷ್ಯಾದಲ್ಲಿ ನಿಷೇಧ ಇರುವುದು ರಾಜ್ಯಗಳ ಷರಿಯಾ ಕಾನೂನಿನಲ್ಲಿ, ಅನ್ವಯಿಸುವುದು ಮುಸ್ಲಿಮರಿಗೆ.

ಬ್ಯಾಂಕಾಕ್‌ನಲ್ಲಿ ಅಡ್ಡಿಯಿಲ್ಲ, ಉಡುಪಿನ ಬಗ್ಗೆ ಕಾನೂನಿನ ಗೋಜಿಲ್ಲ. ವಿಮಾನ ನಿಲ್ದಾಣದಲ್ಲಿ ಮಾತ್ರ ಪಾಸ್‌ಪೋರ್ಟಿನ ಮುಖಕ್ಕೆ ಹೊಂದುವಂತೆ ಹೋಗಿ. ಮಸ್ಕತ್ ಮೂಲಕ ವಾಪಸಾಗುವುದಾದರೆ ಅಲ್ಲಿ ಕೊಂಡದ್ದನ್ನೂ ತೆಗೆದ ಫೋಟೋವನ್ನೂ ಜೊತೆಗೆ ತರಬೇಡಿ.

ಪ್ರಶ್ನೆ: ಆನ್‌ಲೈನಲ್ಲಿ ಪರಿಚಯವಾದವನೊಬ್ಬ ನಾನು ಚೂಡಿದಾರ್ ಹಾಕಿದ ಫೋಟೋ ಇಟ್ಟುಕೊಂಡು 10,000 ರೂಪಾಯಿ ಕೇಳುತ್ತಿದ್ದಾನೆ. ಕೊಡದಿದ್ದರೆ ಅಪ್ಪನಿಗೆ ಕಳಿಸುತ್ತಾನಂತೆ.
— ಮಣಿಪಾಲದ ವಿದ್ಯಾರ್ಥಿ

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟವರಿಗೆ ಎರಡನೇ ಕರೆ ಬಂದೇ ಬರುತ್ತದೆ. ಚಾಟ್ ಅಳಿಸಬೇಡಿ. ಅವನ ಪ್ರೊಫೈಲ್, ನಂಬರ್, ಯುಪಿಐ ಐಡಿ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದ ಮೇಲೆ ಬ್ಲಾಕ್ ಮಾಡಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವುದು ಸುಲಭ. ದೂರನ್ನು ಉಡುಪಿಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ಕೊಡಬಹುದು. ಹೀಗೆ ಹೆದರಿಸಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನ ಅಪರಾಧ. ದೂರಿನಲ್ಲಿ ಬೆದರಿಕೆಯ ವಿವರ ಸಾಕು, ಚೂಡಿದಾರ್ ಯಾಕೆ ಹಾಕಿದಿರಿ ಎಂದು ಬರೆಯಬೇಕಾಗಿಲ್ಲ. ಅಪ್ಪನಿಗೆ ಹೇಳಲು ಧೈರ್ಯ ಸಾಲದಿದ್ದರೆ ಅಕ್ಕನಿಗೋ ಮಾವನಿಗೋ ಇವತ್ತೇ ಹೇಳಿಡಿ. ಮನೆಯಲ್ಲಿ ಒಬ್ಬರಿಗೆ ಮೊದಲೇ ಗೊತ್ತಿದ್ದರೆ ಅವನ ಕೈಯಲ್ಲಿರುವ ಫೋಟೋಗೆ ಅಷ್ಟು ಬೆಲೆ ಉಳಿಯುವುದಿಲ್ಲ.