ಕೈ ಬಿಟ್ಟರೂ ಎಡಕ್ಕೇ ಎಳೆಯುವ ಆರ್‌ಸಿ ಕಾರು

ಪ್ರಶ್ನೆ: ನನ್ನದು 1:10 ಅಳತೆಯ ಎಲೆಕ್ಟ್ರಿಕ್ ಆರ್‌ಸಿ (ರಿಮೋಟ್ ಕಂಟ್ರೋಲ್) ಬಗ್ಗಿ. ರಿಮೋಟಿನ ಸ್ಟೀರಿಂಗ್ ಮುಟ್ಟದಿದ್ದರೂ ಎಡಕ್ಕೆ ಎಳೆಯುತ್ತದೆ. ಟ್ರಿಮ್ (ಸ್ಟೀರಿಂಗಿನ ನಡು ತಿದ್ದುವ ಗುಂಡಿ) ಬಲಕ್ಕೆ ಕೊನೆಯವರೆಗೂ ತಿರುಗಿಸಿದ ಮೇಲೆ ಹೆಚ್ಚುಕಡಿಮೆ ನೇರ ಹೋಗುತ್ತಿದೆ. ಆದರೆ ಬಲಕ್ಕೆ ಸಾಕಷ್ಟು ತಿರುಗುವುದಿಲ್ಲ, ಎಡಕ್ಕೆ ಪೂರ್ತಿ ತಿರುಗಿಸಿದರೆ ಸರ್ವೋ (ಚಕ್ರ ತಿರುಗಿಸುವ ಪುಟ್ಟ ಮೋಟರ್) ಗುಂಯ್ ಎನ್ನುತ್ತದೆ. ಸರ್ವೋ ಬದಲಿಸಬೇಕೇ?
– ಓದುಗರು, ಶಿವಮೊಗ್ಗ

ಉತ್ತರ: ಸರ್ವೋಗೆ ಈಗಲೇ ದುಡ್ಡು ಹಾಕಬೇಡಿ. ಮೊದಲು ಟ್ರಿಮ್ ಸೊನ್ನೆಗೆ ತನ್ನಿ, ಸಬ್‌ಟ್ರಿಮ್ (ರಿಮೋಟಿನ ಮೆನುವಿನಲ್ಲಿ ಸರ್ವೋದ ನಡು ತಿದ್ದುವ ಸೆಟ್ಟಿಂಗ್) ಇದ್ದರೆ ಅದನ್ನೂ. ಟ್ರಿಮ್ ಇರುವುದು ಕೂದಲೆಳೆಯಷ್ಟು ವ್ಯತ್ಯಾಸ ತಿದ್ದಲು. ಜೋಡಣೆಯ ತಪ್ಪನ್ನು ಅದರಿಂದ ಮುಚ್ಚಲು ಹೋದರೆ ಒಂದು ಕಡೆ ಚಕ್ರ ತಿರುಗುವುದು ಕಡಿಮೆಯಾಗುತ್ತದೆ, ಇನ್ನೊಂದು ಕಡೆ ಚಕ್ರ ಮಿತಿಗೆ ಹೋಗಿ ತಾಗಿದ ಮೇಲೂ ಸರ್ವೋ ತಳ್ಳುತ್ತಲೇ ಇರುತ್ತದೆ. ನಿಮಗೆ ಕೇಳಿಸುವ ಗುಂಯ್ ಅದೇ. ಹಾಗೇ ಬಿಟ್ಟರೆ ಸರ್ವೋ ಬಿಸಿಯಾಗಿ ಸುಟ್ಟುಹೋಗುತ್ತದೆ.

ಕಾರಿನ ಹೊಟ್ಟೆಯಡಿ ಒಂದು ಡಬ್ಬ ಇಟ್ಟು ನಾಲ್ಕೂ ಚಕ್ರ ನೆಲ ಬಿಡುವಂತೆ ಮಾಡಿ. ಕಾರು ಓಡಿಸುವ ಮೋಟರಿನ ತಂತಿ ಬಿಚ್ಚಿಡಿ. ರಿಮೋಟ್ ಮೊದಲು, ಆಮೇಲೆ ಕಾರು ಆನ್ ಮಾಡಿ. ಹಾರ್ನಿನ (ಸರ್ವೋದ ಅಚ್ಚಿಗೆ ಕೂರುವ ತೋಳು) ನಡುವಿನ ಸ್ಕ್ರೂ ತೆಗೆದು ಹಾರ್ನನ್ನು ನೇರವಾಗಿ ಎಳೆದು ತೆಗೆಯಿರಿ. ರಿಸೀವರಿನಿಂದ (ಕಾರಿನೊಳಗೆ ರಿಮೋಟಿನ ಸಂಕೇತ ಹಿಡಿಯುವ ಭಾಗ) ನಡುವಿನ ಸಂಕೇತವಾದ 1500 ಮೈಕ್ರೋಸೆಕೆಂಡಿನ ಪಲ್ಸ್ ಬರುತ್ತಿರುವಾಗ ಸರ್ವೋ ನಿಂತ ಜಾಗವೇ ಅದರ ನಡು. ಕರೆಂಟು ಇರುವಾಗಲೇ ಹಾರ್ನ್ ವಾಪಸ್ ಕೂರಿಸಿ. ಕಿಟ್ಟಿನ ಕೈಪಿಡಿ ಬೇರೆ ಕೋನ ಹೇಳದಿದ್ದರೆ ಹಾರ್ನಿಗೂ ಅದರಿಂದ ಹೊರಡುವ ಕಡ್ಡಿಗೂ ನಡುವೆ 90 ಡಿಗ್ರಿ ಇರಬೇಕು.

ಹೆಚ್ಚಿನವರು ಸೋಲುವುದು ಇಲ್ಲಿಯೇ. ಅಚ್ಚಿನಲ್ಲಿ 25 ಹಲ್ಲಿರುವ ಸರ್ವೋದಲ್ಲಿ ಒಂದು ಹಲ್ಲು ಜರುಗಿಸಿದರೆ ಹಾರ್ನ್ 14.4 ಡಿಗ್ರಿ ತಿರುಗುತ್ತದೆ. ಹೀಗಾಗಿ ಒಂದು ಹಲ್ಲಿಗೆ ಕೂರಿಸಿದರೆ ಎಡಕ್ಕೆ, ಪಕ್ಕದ ಹಲ್ಲಿಗೆ ಕೂರಿಸಿದರೆ ಬಲಕ್ಕೆ ವಾಲಬಹುದು. ನಾಲ್ಕು ತೋಳಿನ ಹಾರ್ನ್ ಇದ್ದರೆ ಪ್ರತಿ ತೋಳನ್ನೂ ಹಾಕಿ ನೋಡಿ. 25 ಅನ್ನು ನಾಲ್ಕರಿಂದ ಭಾಗಿಸಿದರೆ ಶೇಷ ಉಳಿಯುವುದರಿಂದ ಒಂದೊಂದು ತೋಳೂ 3.6 ಡಿಗ್ರಿ ವ್ಯತ್ಯಾಸದಲ್ಲಿ ಕೂರುತ್ತದೆ. ಚೆನ್ನಾಗಿ ಹೊಂದುವ ತೋಳನ್ನು ಇಟ್ಟುಕೊಂಡು ಉಳಿದವನ್ನು ಕತ್ತರಿಸಬಹುದು. 24 ಹಲ್ಲಿನ ಸರ್ವೋದಲ್ಲಿ ಈ ಉಪಾಯ ನಡೆಯುವುದಿಲ್ಲ, ನಾಲ್ಕೂ ತೋಳು ಒಂದೇ ಥರ ಕೂರುತ್ತವೆ. ಸರ್ವೋ ಸೇವರ್‌ಗೆ (ಪೆಟ್ಟು ನುಂಗುವ ಸ್ಪ್ರಿಂಗಿನ ಹಾರ್ನ್) ಇರುವುದು ಒಂದೇ ತೋಳು, ಅಲ್ಲಿ ಹತ್ತಿರದ ಹಲ್ಲಿಗೆ ಕೂರಿಸಿ ಉಳಿದದ್ದನ್ನು ಸಬ್‌ಟ್ರಿಮ್‌ನಲ್ಲಿ ತಿದ್ದಿ. ಸ್ಕ್ರೂ ಹಾಕುವಾಗ ಲೋಹದ ಗೇರಿನ ಸರ್ವೋ ಆದರೆ ಮಾತ್ರ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ಪ್ಲಾಸ್ಟಿಕ್ಕಿಗೆ ತಗುಲಿದರೆ ಅದು ಬಿರುಕು ಬಿಡಬಹುದು.

ಆಮೇಲೆ ಟೈ ರಾಡ್, ಅಂದರೆ ಮುಂಚಕ್ರಗಳನ್ನು ಸ್ಟೀರಿಂಗಿಗೆ ಜೋಡಿಸುವ ಕಡ್ಡಿ. ಎಡ ಮತ್ತು ಬಲದ ರಾಡ್‌ಗಳ ಉದ್ದವನ್ನು ವರ್ನಿಯರ್‌ನಲ್ಲಿ ಅಳೆದು ಸಮ ಮಾಡಿ. ಈ ರಾಡ್ ಎರಡೂ ತುದಿಗೆ ವಿರುದ್ಧ ದಿಕ್ಕಿನ ತಿರುಪು ಇರುವ ಎಂ3 (3 ಮಿ.ಮೀ. ದಪ್ಪದ) ಟರ್ನ್‌ಬಕಲ್ ಆಗಿದ್ದರೆ ಒಂದು ಪೂರ್ತಿ ಸುತ್ತಿಗೆ 1 ಮಿ.ಮೀ. ಉದ್ದವಾಗುತ್ತದೆ ಅಥವಾ ಗಿಡ್ಡವಾಗುತ್ತದೆ. ಚಕ್ರದ ಕಡೆ ರಾಡ್ ಸೇರುವ ಸ್ಟೀರಿಂಗ್ ತೋಳು 15 ಮಿ.ಮೀ. ಇದ್ದರೆ ಅಷ್ಟಕ್ಕೇ ಚಕ್ರ ಸುಮಾರು 4 ಡಿಗ್ರಿ ತಿರುಗುತ್ತದೆ! ಆದ್ದರಿಂದ ಕಾಲು ಸುತ್ತು, ಕಾಲು ಸುತ್ತು ಮಾಡಿ. ಕೊನೆಗೆ ಎರಡೂ ಕಡೆಯ ಎಂಡ್‌ಪಾಯಿಂಟನ್ನು (ಸರ್ವೋ ಎಷ್ಟು ತಿರುಗಬೇಕೆಂದು ರಿಮೋಟಿನಲ್ಲಿ ಇಡುವ ಮಿತಿ) ಚಕ್ರ ಪೂರ್ತಿ ತಿರುಗಿದಾಗ ಸರ್ವೋ ಸದ್ದು ನಿಲ್ಲುವಷ್ಟಕ್ಕೆ ಇಳಿಸಿ.

ಇಷ್ಟಾದ ಮೇಲೆ ಒಂದು ಪರೀಕ್ಷೆ. ಎಡಕ್ಕೆ ತಿರುಗಿಸಿ ಬಿಡಿ, ಚಕ್ರ ಎಲ್ಲಿ ನಿಂತಿತು ನೋಡಿ. ಬಲಕ್ಕೆ ತಿರುಗಿಸಿ ಬಿಡಿ, ಮತ್ತೆ ನೋಡಿ. ಎರಡು ಸಲವೂ ಬೇರೆ ಬೇರೆ ಜಾಗದಲ್ಲಿ ನಿಂತರೆ ಟ್ರಿಮ್ ಏನೂ ಮಾಡಲಾರದು. ಎಲ್ಲೋ ಪ್ಲೇ (ಸಡಿಲ) ಇದೆ, ಇಲ್ಲವೇ ಬಿಗಿಯಾಗಿ ಹಿಡಿಯುತ್ತಿದೆ. ಸರ್ವೋ ಕಡ್ಡಿಯ ಬಾಲ್ ಕಪ್ (ತುದಿಯ ಗುಂಡು ಕೀಲಿನ ಬಟ್ಟಲು) ಕಳಚಿ ಎರಡೂ ಚಕ್ರ ಕೈಯಲ್ಲಿ ತಿರುಗಿಸಿ. ಸಲೀಸಾಗಿ ಓಡದಿದ್ದರೆ ಬಾಲ್ ಕಪ್ಪಿನಲ್ಲಿ ಮಣ್ಣಿದೆ ಅಥವಾ ಬೆಲ್‌ಕ್ರ್ಯಾಂಕಿನ (ಸರ್ವೋದ ಚಲನೆಯನ್ನು ಟೈ ರಾಡ್‌ಗಳಿಗೆ ದಾಟಿಸುವ ತಿರುಗು ತುಂಡು) ಸ್ಕ್ರೂ ಅತಿ ಬಿಗಿಯಾಗಿದೆ. ಸಲೀಸಾಗಿ ಓಡಿದರೆ ಸರ್ವೋ ಸೇವರ್‌ನ ಸ್ಪ್ರಿಂಗ್ ಸಡಿಲವೇ ಎಂದು ನೋಡಿ. ಅತಿ ಬಿಗಿ ಮಾಡಬೇಡಿ, ಗೋಡೆಗೆ ಗುದ್ದಿದಾಗ ಪೆಟ್ಟು ಸೀದಾ ಗೇರಿನ ಹಲ್ಲಿಗೆ ಬೀಳುತ್ತದೆ. ಸರ್ವೋವನ್ನು ಕೂರಿಸಿರುವ ಸ್ಕ್ರೂಗಳನ್ನೂ ಮರೆಯಬೇಡಿ. ಸ್ಟೀರಿಂಗ್ ತಿರುಗುವಾಗ ಸರ್ವೋದ ಮೈಯೇ ಕೂದಲೆಳೆಯಷ್ಟು ಅಲುಗಿದರೂ ನಡು ತಪ್ಪುತ್ತದೆ.

ಚಕ್ರ ನೇರ ಇದ್ದೂ ಕಾರು ಎಳೆದರೆ ತಪ್ಪು ಸ್ಟೀರಿಂಗಿನಲ್ಲಿಲ್ಲ. ಮುಂದಿನ ಚಕ್ರಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುಗಿಸಿ, ಬೇಗ ನಿಲ್ಲುವ ಕಡೆಯ ಬೇರಿಂಗ್ ಹಾಳಾಗಿರಬಹುದು. ಎಡ ಬಲ ಟೈರ್ ಅದಲುಬದಲು ಮಾಡಿದಾಗ ಎಳೆತವೂ ಕಡೆ ಬದಲಿಸಿದರೆ ದೋಷ ಟೈರಿನದು.

ಪ್ರಶ್ನೆ: ಮಗನ ಆಟಿಕೆ ಕಾರಿನ ಮುಂಚಕ್ರ ಆನ್ ಮಾಡಿದ ಕೂಡಲೇ ಒಂದೇ ಕಡೆ ತಿರುಗಿ ನಿಲ್ಲುತ್ತದೆ. ಸರ್ವೋಗೆ ಐದು ತಂತಿಗಳಿವೆ. ಮೂರು ತಂತಿಯದನ್ನು ಹಾಕಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಹಾಕಲಾಗದು. ಐದು ತಂತಿಯ ಸರ್ವೋದಲ್ಲಿ ಎರಡು ಮೋಟರಿನವು, ಮೂರು ಪೊಟೆನ್ಷಿಯೋಮೀಟರಿನವು (ಅಚ್ಚು ಎಷ್ಟು ತಿರುಗಿದೆ ಎಂದು ತಿಳಿಸುವ ಭಾಗ). ಅದನ್ನು ನಡೆಸುವ ಸರ್ಕ್ಯೂಟ್ ರಿಸೀವರ್ ಬೋರ್ಡಿನಲ್ಲೇ ಇದೆ. ಚಕ್ರ ಒಂದೇ ಕಡೆ ಹೋಗಿ ನಿಂತರೆ ಪೊಟೆನ್ಷಿಯೋಮೀಟರಿನ ತಂತಿಯ ಬೆಸುಗೆ ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಮೊದಲು ನೋಡಿ. ಸರಿಯಿದ್ದರೆ ಅದೇ ಮಾದರಿಯ ಐದು ತಂತಿಯ ಸರ್ವೋ ತರಿಸಿ.

ಪ್ರಶ್ನೆ: ಗೈರೋ (ಕಾರು ತಿರುಗುವುದನ್ನು ಗುರುತಿಸಿ ಸ್ಟೀರಿಂಗ್ ತಾನೇ ತಿದ್ದುವ ಸಾಧನ) ಇರುವ ಡ್ರಿಫ್ಟ್ ಕಾರು ಒಂದು ದಿನ ನೇರ, ಇನ್ನೊಂದು ದಿನ ವಾರೆ. ಏಕೆ?
– ಓದುಗರು, ಮೈಸೂರು

ಉತ್ತರ: ಹೆಚ್ಚಿನ ಗೈರೋಗಳು ಆನ್ ಆದ ಕ್ಷಣದಲ್ಲೇ ತಮ್ಮ ಸೊನ್ನೆಯನ್ನು ಗುರುತಿಸಿಕೊಳ್ಳುತ್ತವೆ. ಆಗ ಕಾರು ಕೈಯಲ್ಲಿ ಅಲುಗುತ್ತಿದ್ದರೆ ಆ ಗುರುತೇ ತಪ್ಪುತ್ತದೆ. ನೆಲದ ಮೇಲಿಟ್ಟು, ಸ್ಟೀರಿಂಗ್ ಮುಟ್ಟದೆ ಆನ್ ಮಾಡಿ, ಕೆಲವು ಸೆಕೆಂಡು ಕಾಯಿರಿ. ಗೈರೋಗೆ ಎರಡು ಮೋಡ್ ಇದ್ದರೆ ನಾರ್ಮಲ್‌ನಲ್ಲೇ ಇಡಿ.