ಶಬ್ದದ ವೇಗ ದಾಟಿದ ವಿಮಾನ ಲ್ಯಾಂಡಿಂಗ್‌ನಲ್ಲಿ ಬೀಳುತ್ತಿದ್ದುದು ಯಾಕೆ?

ಪ್ರಶ್ನೆ: 1950ರ ದಶಕದ ಸೂಪರ್‌ಸಾನಿಕ್ ಯುದ್ಧವಿಮಾನಗಳು ಯುದ್ಧವಿಲ್ಲದ ಕಾಲದಲ್ಲೂ ಒಂದರ ಹಿಂದೆ ಒಂದು ಬಿದ್ದವು ಎಂದು ಓದಿದೆ. ಶಬ್ದದ ವೇಗ ದಾಟುವುದು ಅಷ್ಟು ಅಪಾಯವೇ?

ಉತ್ತರ: ದಾಟುವುದಕ್ಕಿಂತ ಜಾಸ್ತಿ ಅಪಾಯವಿದ್ದದ್ದು ನಿಧಾನವಾಗಿ ಹಾರುವುದರಲ್ಲಿ. ವೇಗಕ್ಕೆಂದು ರೆಕ್ಕೆಯನ್ನು ತೆಳುವಾಗಿ, ಚಿಕ್ಕದಾಗಿ ಮಾಡಿದರು. ಅಮೆರಿಕದ ಎಫ್-104 ಸುಮಾರು 16.7 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ ಬರೀ 6.6 ಮೀಟರ್! ಇಂಥ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಬೇಕಾದರೆ ಇಳಿಯುವಾಗಲೂ ಗಂಟೆಗೆ 300 ಕಿ.ಮೀ. ಆಸುಪಾಸಿನ ವೇಗ ಬೇಕು.

ಅಮೆರಿಕದ್ದೇ ಇನ್ನೊಂದು ಯುದ್ಧವಿಮಾನ ಎಫ್-100ರಲ್ಲಿ ತೊಂದರೆ ಇನ್ನೊಂದು ಬಗೆಯದು. ವೇಗ ಕಡಿಮೆಯಾಯಿತೆಂದು ಪೈಲಟ್ ಮೂತಿ ಎತ್ತುತ್ತಾನೆ. ಎತ್ತಿದಷ್ಟೂ ಗಾಳಿಯ ತಡೆ ಜಾಸ್ತಿ, ವೇಗ ಇನ್ನೂ ಕಡಿಮೆ. ಎಂಜಿನ್‌ಗೆ ಪೂರ್ತಿ ಪವರ್ ಕೊಟ್ಟರೂ ಅದು ಚುರುಕಾಗಲು ಕೆಲವು ಸೆಕೆಂಡ್ ಬೇಕು. ನೆಲದ ಹತ್ತಿರ ಆ ಸೆಕೆಂಡ್‌ಗಳು ಸಿಗುವುದಿಲ್ಲ. 1956ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ನೆಲೆಯಲ್ಲಿ ಒಂದು ಎಫ್-100 ಹೀಗೇ ಮೂತಿ ಮೇಲೆತ್ತಿಕೊಂಡು ಅತ್ತಿತ್ತ ತೂಗಾಡಿ ಬಿತ್ತು. ಪೈಲಟ್ ಉಳಿಯಲಿಲ್ಲ. ಕ್ಯಾಮೆರಾದಲ್ಲಿ ಸೆರೆಯಾದ ಆ ದೃಶ್ಯವನ್ನು ಮುಂದೆ ತರಬೇತಿಯಲ್ಲಿ ತೋರಿಸುತ್ತಿದ್ದರು.

ಹಾಗೆಂದು ಮೇಲೆ ಎಲ್ಲ ಸುರಕ್ಷಿತ ಅಂತಲ್ಲ. ಈ ವಿಮಾನಗಳ ತೂಕವೆಲ್ಲ ಉದ್ದನೆಯ ಮೈಯಲ್ಲೇ ಇತ್ತು. ಹಾರುತ್ತಲೇ ಒಂದು ಮಗ್ಗುಲಿಗೆ ರಭಸದಿಂದ ಉರುಳಿದರೆ ಮೂತಿ ಮತ್ತು ಬಾಲ ಹೊರಕ್ಕೆ ಎಳೆಯುತ್ತವೆ. ಬಾಲದ ನಿಂತ ರೆಕ್ಕೆ ಚಿಕ್ಕದಾದರೆ ಅದನ್ನು ತಡೆಯಲಾಗದೆ ವಿಮಾನ ಗಾಳಿಗೆ ಅಡ್ಡ ತಿರುಗಿ ಒಡೆಯುತ್ತದೆ. 1954ರ ಅಕ್ಟೋಬರ್ 12ರಂದು ಟೆಸ್ಟ್ ಪೈಲಟ್ ಜಾರ್ಜ್ ವೆಲ್ಚ್ ಎಫ್-100ರಲ್ಲಿ ಸತ್ತದ್ದು ಇದರಿಂದಲೇ. ಪರ್ಲ್ ಹಾರ್ಬರ್ ದಾಳಿಯ ದಿನ ಜಪಾನಿ ವಿಮಾನಗಳ ಮೇಲೆ ಏರಿ ಹೋಗಿದ್ದ ಪೈಲಟ್ ಇವರು. ಅವರು ಸತ್ತ ಮೇಲೆ ಬಾಲದ ರೆಕ್ಕೆಯನ್ನು ದೊಡ್ಡದು ಮಾಡಿದರು.

ನನಗೆ ಇವತ್ತಿಗೂ ಸಿಟ್ಟು ಬರುವುದು ಎಫ್-104ರ ಮೊದಲ ಎಜೆಕ್ಷನ್ ಸೀಟಿನ (ಅಪಾಯದಲ್ಲಿ ಪೈಲಟ್‌ನನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಸೀಟು) ಬಗ್ಗೆ. ಎತ್ತರದ ಬಾಲಕ್ಕೆ ಬಡಿಯಬಾರದೆಂದು ಪೈಲಟ್‌ನನ್ನು ಕೆಳಕ್ಕೆ ಚಿಮ್ಮಿಸುತ್ತಿದ್ದರು. ಟೇಕಾಫ್ ಹೊತ್ತಿನಲ್ಲಿ ಎಂಜಿನ್ ನಿಂತರೆ ಕೆಳಗಿರುವುದು ನೆಲ ಅಲ್ವಾ? 1 ಲಕ್ಷ ಅಡಿಗಿಂತ ಮೇಲೆ ಹಾರಿದ ಮೊದಲಿಗ ಐವನ್ ಕಿಂಚೆಲೋ 1958ರ ಜುಲೈನಲ್ಲಿ ಇದೇ ಎಫ್-104ರಲ್ಲಿ ಟೇಕಾಫ್ ಆದ ಸ್ವಲ್ಪದರಲ್ಲೇ ಎಂಜಿನ್ ಕೈಕೊಟ್ಟು ತೀರಿಕೊಂಡರು. ಆಮೇಲೆ ಸೀಟು ಮೇಲಕ್ಕೆ ಚಿಮ್ಮುವಂತಾಯಿತು.

ತಪ್ಪೆಲ್ಲ ವಿಮಾನದ್ದೇ ಎನ್ನಲೂ ಆಗದು. ಪಶ್ಚಿಮ ಜರ್ಮನಿ 916 ಎಫ್-104 ಕೊಂಡಿತು, 292 ಕಳೆದುಕೊಂಡಿತು, 116 ಪೈಲಟ್‌ಗಳು ಸತ್ತರು. ಎತ್ತರದಲ್ಲಿ ಶತ್ರುವನ್ನು ಅಡ್ಡಗಟ್ಟಲು ಮಾಡಿದ ವಿಮಾನಕ್ಕೆ ಬಾಂಬ್ ಹೇರಿ, ಮೋಡ ಮಳೆಯ ನಡುವೆ ನೆಲದ ಹತ್ತಿರ ಹಾರಿಸಿದ್ದರು. ಸ್ಪೇನ್ ಇದೇ ಮಾದರಿಯ 21 ವಿಮಾನಗಳನ್ನು ಎತ್ತರದ ಕಾವಲಿಗಷ್ಟೇ, ಹೆಚ್ಚಾಗಿ ತಿಳಿಯಾದ ಆಕಾಶದಲ್ಲಿ ಬಳಸಿತು. ಅಲ್ಲಿ ಒಂದೂ ಬೀಳಲಿಲ್ಲ.