ಹಳೆಯ ಆಟೊಮ್ಯಾಟಿಕ್ ಕಾರಿನಲ್ಲಿ ಗೇರ್ ಜಾರುತ್ತಿದ್ದರೆ ಮೊದಲು ಏನು ನೋಡಬೇಕು?

ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮಾತ್ರ ಅಬ್ಬರಿಸುತ್ತದೆ, ಕಾರಿನ ವೇಗ ಏರುವುದಿಲ್ಲ ಎಂದಿದ್ದೀರಿ. ಅದು ಗೇರ್ ಜಾರುವ ಲಕ್ಷಣವೇ. ಆದರೆ ಗೇರ್‌ಬಾಕ್ಸ್ ಬಿಚ್ಚಲು ಒಪ್ಪುವ ಮೊದಲು ದಯವಿಟ್ಟು ಅದರ ಆಯಿಲ್ ನೋಡಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಇರುವ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಮಟ್ಟ ಅಳೆಯಬೇಕು. ಕೆಲವದರಲ್ಲಿ ನಿಲ್ಲಿಸಿ ಅಳೆಯಬೇಕು. ಹಾಗಾಗಿ ಕೈಪಿಡಿ ಹೇಳಿದಂತೆ ಮಾಡಿ. ಈ ಆಯಿಲ್ ಉರಿದು ಖರ್ಚಾಗುವಂಥದ್ದಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ. ಹಾಗಾಗಿ ಆಯಿಲ್ ಒತ್ತಡ ಸಾಲದೆ, ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟುಗಳು ಬಿಗಿಯಾಗಿ ಹಿಡಿಯುತ್ತಿಲ್ಲ. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಪ್ಲೇಟುಗಳೇ ಸವೆದಿರುವ ಸಾಧ್ಯತೆ ಹೆಚ್ಚು. ಆಗ ಬರೀ ಆಯಿಲ್ ಬದಲಿಸಿದರೆ ಗುಣವಾಗುತ್ತದೆ ಎಂಬ ಭರವಸೆಯನ್ನು ನಾನು ಕೊಡಲಾರೆ.

ಆಯಿಲ್ ಸರಿಯಿದ್ದರೆ, ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0730 ಎಂಬ ಕೋಡ್ ಗೇರ್ ಅನುಪಾತ ತಪ್ಪಿರುವುದನ್ನು ಹೇಳುತ್ತದೆ, ಕಾರಣವನ್ನಲ್ಲ. ಸೊಲೆನಾಯ್ಡ್ (ಆಯಿಲ್ ಹರಿವನ್ನು ನಿಯಂತ್ರಿಸುವ ವಿದ್ಯುತ್ ಕವಾಟ) ಕೋಡ್ ಬಂದರೆ ಸಮಾಧಾನದ ಸುದ್ದಿ, ಅನೇಕ ಕಾರುಗಳಲ್ಲಿ ಗೇರ್‌ಬಾಕ್ಸ್ ಇಳಿಸದೆಯೇ ಅದನ್ನು ಬದಲಿಸಬಹುದು. ಒಂದೇ ಗೇರಿನಲ್ಲಿ ಜಾರಿದರೆ ಆ ಗೇರಿನ ಕ್ಲಚ್ ಅಥವಾ ಬ್ಯಾಂಡ್ (ಡ್ರಮ್ಮನ್ನು ಬಿಗಿದು ಹಿಡಿಯುವ ಪಟ್ಟಿ) ಮೇಲೆ ಅನುಮಾನ. ಎಲ್ಲ ಗೇರುಗಳಲ್ಲೂ ಜಾರಿದರೆ ಆಯಿಲ್ ಪಂಪ್ ಅಥವಾ ಕಟ್ಟಿಕೊಂಡ ಫಿಲ್ಟರ್ ಕಾರಣವಿರಬಹುದು. ಗೇಜ್ ಹಾಕಿ ಆಯಿಲ್ ಒತ್ತಡ ಅಳೆಯಲು ಹೇಳಿ. ಅಲ್ಲಿಯವರೆಗೆ ಕಾರು ಓಡಿಸಬೇಡಿ. ಜಾರಿದಷ್ಟೂ ಒಳಗೆ ಶಾಖ ಹೆಚ್ಚಿ, ಉಳಿದಿರುವ ಪ್ಲೇಟುಗಳೂ ಸುಡುತ್ತವೆ.